ಮುಂದಿನ ಸೀಸನ್‌ನಲ್ಲಿ ನಿಮ್ಮ ಕಾಲೇಜ್ ಫುಟ್‌ಬಾಲ್ ತಂಡ ಎಷ್ಟು ಪಂದ್ಯ ಗೆಲ್ಲಬಹುದು? ಮನೆಯಲ್ಲೇ ಕೂತು ಲೆಕ್ಕ ಹಾಕುವ ಬಗೆ

2025ರ ಆಗಸ್ಟ್‌ನಲ್ಲಿ ಎಪಿ (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ) ಪಟ್ಟಿ ಬಂತು. ಸೀಸನ್ ಶುರುವಾಗುವ ಮುಂಚೆ ಅಮೆರಿಕದ ಕ್ರೀಡಾ ಪತ್ರಕರ್ತರು ವೋಟು ಹಾಕಿ ಕಾಲೇಜ್ ಫುಟ್‌ಬಾಲ್ ತಂಡಗಳನ್ನು ಬಲದ ಕ್ರಮದಲ್ಲಿ ಜೋಡಿಸುವ ಪಟ್ಟಿ ಅದು. ಮೊದಲ ಸ್ಥಾನ ಟೆಕ್ಸಸ್‌ಗೆ. ಎರಡನೆಯದು ಪೆನ್ ಸ್ಟೇಟ್, ನಾಲ್ಕನೆಯದು ಕ್ಲೆಮ್ಸನ್. ಇಂಡಿಯಾನಾ ಕೆಳಗೆ, 20ನೇ ಸಾಲಿನಲ್ಲಿ. ಐದು ತಿಂಗಳ ನಂತರ, 2026ರ ಜನವರಿಯಲ್ಲಿ ಚಾಂಪಿಯನ್ ಆದದ್ದು ಇಂಡಿಯಾನಾ. ಆಡಿದ 16 ಪಂದ್ಯಗಳನ್ನೂ ಗೆದ್ದಿತು. ಚಾಂಪಿಯನ್ ಯಾರೆಂದು ತೀರ್ಮಾನಿಸುವ 12 ತಂಡಗಳ ಪ್ಲೇಆಫ್‌ನಲ್ಲಿ ಟೆಕ್ಸಸ್‌ಗೆ ಜಾಗವೇ ಸಿಗಲಿಲ್ಲ. ಪೆನ್ ಸ್ಟೇಟ್ ಸೀಸನ್ ಮಧ್ಯದಲ್ಲೇ ಕೋಚ್‌ನನ್ನು ತೆಗೆದುಹಾಕಿತು. ಕ್ಲೆಮ್ಸನ್ ಏಳು ಗೆಲುವಿಗೆ ನಿಂತಿತು.

ಹಾಗಾದರೆ ಊಹಿಸುವುದೇ ದಂಡವಾ? ಖಂಡಿತ ಅಲ್ಲ. ಈ ಪಟ್ಟಿಗಳಲ್ಲಿ ತಂಡದ ಹೆಸರಿಗೆ ಮತ್ತು ಹೋದ ವರ್ಷದ ಸೋಲು-ಗೆಲುವಿಗೆ ಬೇಕಾದ್ದಕ್ಕಿಂತ ಜಾಸ್ತಿ ತೂಕ ಸಿಗುತ್ತದೆ. ಹೋದ ವರ್ಷ ಎಷ್ಟು ಗೆದ್ದರು ಎಂಬುದಕ್ಕಿಂತ ಹೇಗೆ ಆಡಿದರು ಎಂಬುದು ಮುಖ್ಯ. ಅದಕ್ಕಿಂತ ಮುಖ್ಯ, ಹಾಗೆ ಆಡಿದವರಲ್ಲಿ ಈ ವರ್ಷ ಯಾರು ಉಳಿದಿದ್ದಾರೆ ಎಂಬುದು. ಈ ಎರಡನ್ನು ಸರಿಯಾಗಿ ಅಳೆದರೆ ಒಂದು ಕಾಗದ, ಒಂದು ಎಕ್ಸೆಲ್ ಶೀಟು ಇಟ್ಟುಕೊಂಡು ನೀವೂ ಒಳ್ಳೆಯ ಅಂದಾಜು ಮಾಡಬಹುದು.

ಅಮೆರಿಕಕ್ಕೆ ಓದಲು ಬಂದ ನಮ್ಮ ಕಡೆಯ ಎಷ್ಟೋ ಮಕ್ಕಳ ಹಾಗೆ ನನಗೂ ಮೊದಲ ವರ್ಷ ಈ ಆಟದ ತಲೆಬುಡ ಗೊತ್ತಿರಲಿಲ್ಲ. ಶನಿವಾರ ಬಂದರೆ ಊರಿಗೆ ಊರೇ ಒಂದೇ ಬಣ್ಣದ ಅಂಗಿ ಹಾಕಿಕೊಂಡು ಹೊರಡುತ್ತಿತ್ತು. ಮಿಶಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು ಅಂದರೆ ಈ ಹುಚ್ಚು ಎಷ್ಟಿದೆ ನೋಡಿ. ಆಟ ಅರ್ಥವಾಗಲು ಶುರುವಾದದ್ದು ಲೆಕ್ಕದ ಮೂಲಕವೇ. ಹಾಗಾಗಿ ಹೊಸಬರಿಗೂ ತಿಳಿಯುವಂತೆ ಬರೆಯುತ್ತೇನೆ.

ಶುರು ಮಾಡುವ ಮುಂಚೆ

ಇದು ನಮ್ಮೂರಿನಲ್ಲಿ ಫುಟ್‌ಬಾಲ್ ಅನ್ನುವ ಕಾಲ್ಚೆಂಡಾಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಎರಡೂ ತುದಿ ಚೂಪಾದ ಚೆಂಡನ್ನು ಹಿಡಿದು ಓಡುವ, ಎಸೆಯುವ ಆಟ. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು. ಒಂದೊಂದು ಪ್ರಯತ್ನಕ್ಕೆ ಡೌನ್ ಎನ್ನುತ್ತಾರೆ. ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಪಾಯಿಂಟ್, ಅದರ ಬೆನ್ನಿಗೇ ಒದೆಯುವ ಕಿಕ್‌ಗೆ 1, ಚೆಂಡನ್ನು ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ 3. ದೊಡ್ಡ ಮಟ್ಟದಲ್ಲಿ 130ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಆಡುತ್ತವೆ. ಪ್ರತಿ ತಂಡಕ್ಕೂ ಸಾಮಾನ್ಯವಾಗಿ 12 ಪಂದ್ಯ. ಆಗಸ್ಟ್ ಕೊನೆಗೆ ಶುರು, ನವೆಂಬರ್ ಕೊನೆಗೆ ಮುಕ್ತಾಯ. ಆಮೇಲೆ ಬೌಲ್ ಪಂದ್ಯಗಳು (ಸೀಸನ್ ಮುಗಿದ ಮೇಲೆ ಆಯ್ದ ತಂಡಗಳ ನಡುವೆ ನಡೆಯುವಂಥವು), ಪ್ಲೇಆಫ್.

ನಾವು ಊಹಿಸಬೇಕಾದದ್ದು ಚಾಂಪಿಯನ್ ಯಾರು ಅಂತ ಅಲ್ಲ. ಈ 12ರಲ್ಲಿ ಎಷ್ಟು ಗೆಲುವು ಅಂತ. ಚಾಂಪಿಯನ್ ಒಬ್ಬರೇ, ಅಲ್ಲಿ ಅದೃಷ್ಟದ ಪಾಲು ದೊಡ್ಡದು. ಗೆಲುವಿನ ಸಂಖ್ಯೆಯನ್ನು ಊಹಿಸಿದರೆ ನೀವು ಎಷ್ಟು ಹತ್ತಿರ ಬಂದಿರಿ ಎಂದು ಅಳೆಯಬಹುದು.

ಹೆಜ್ಜೆ 1: ಹೋದ ವರ್ಷದ ನಿಜವಾದ ಬಲ ಕಂಡುಹಿಡಿಯಿರಿ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ. 2021ರ ನೆಬ್ರಾಸ್ಕ ತಂಡವನ್ನು ನೋಡೋಣ. 3 ಗೆಲುವು, 9 ಸೋಲು. ಕೇಳಿದ ಕೂಡಲೇ ಕಳಪೆ ತಂಡ ಅನ್ನಿಸುತ್ತದೆ, ಅಲ್ವಾ? ಆದರೆ ಸೋತ ಅಂತರಗಳನ್ನು ನೋಡಿ: 8, 7, 3, 3, 7, 5, 9, 7, 7. ಒಂಬತ್ತರಲ್ಲಿ ಎಂಟು ಸೋಲು 8 ಪಾಯಿಂಟ್ ಒಳಗೆ. ಒಂದು ಟಚ್‌ಡೌನ್ ಹೊಡೆದು ಆಮೇಲೆ ಕಿಕ್‌ನ ಬದಲು ಎರಡು ಪಾಯಿಂಟ್‌ನ ಪ್ರಯತ್ನ ಗೆದ್ದರೆ ಸಮವಾಗುವ ದೂರ ಅದು. ಇಡೀ ಸೀಸನ್‌ನಲ್ಲಿ ಅವರು ಹೊಡೆದದ್ದು 335 ಪಾಯಿಂಟ್, ಬಿಟ್ಟುಕೊಟ್ಟದ್ದು 272. ಕ್ರಿಕೆಟ್‌ನಲ್ಲಿ ನೆಟ್ ರನ್ ರೇಟ್ ನೋಡುವವರಿಗೆ ಈ ಮಾತು ಬೇಗ ಹಿಡಿಸುತ್ತದೆ.

ಇದನ್ನು ಗೆಲುವಿನ ಲೆಕ್ಕಕ್ಕೆ ತರಲು ಒಂದು ಸೂತ್ರ ಇದೆ. ಬೇಸ್‌ಬಾಲ್‌ಗಾಗಿ ಬಿಲ್ ಜೇಮ್ಸ್ ಮಾಡಿದ್ದನ್ನು ಫುಟ್‌ಬಾಲ್‌ಗೆ ಹೊಂದಿಸಿಕೊಂಡಿದ್ದಾರೆ. ಹೊಡೆದ ಪಾಯಿಂಟ್‌ಗಳ 2.37ನೇ ಘಾತ ತೆಗೆಯಿರಿ. ಬಿಟ್ಟುಕೊಟ್ಟ ಪಾಯಿಂಟ್‌ಗಳಿಗೂ ಅದೇ ಘಾತ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ. ನೆಬ್ರಾಸ್ಕಗೆ 0.62 ಬರುತ್ತದೆ. ಅದನ್ನು 12ರಿಂದ ಗುಣಿಸಿದರೆ ಸುಮಾರು ಏಳೂವರೆ ಗೆಲುವು. ನಿಜಕ್ಕೂ ಗೆದ್ದದ್ದು ಮೂರು.

ಇಲ್ಲಿ ನಿಂತುಬಿಟ್ಟರೆ ತಪ್ಪಾಗುತ್ತದೆ. ಮುಂದಿನ ವರ್ಷ ನೆಬ್ರಾಸ್ಕ ಮೇಲೇಳುತ್ತದೆ ಎಂದು ತುಂಬಾ ಜನ ನಂಬಿದ್ದರು, ನಾನೂ ನಂಬಿದ್ದೆ. 2022ರ ಮೊದಲ ಪಂದ್ಯವನ್ನೇ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ಎದುರು 31-28ರಲ್ಲಿ ಸೋತರು. ಮೂರು ಪಂದ್ಯ ಮುಗಿಯುವಷ್ಟರಲ್ಲಿ ಕೋಚ್ ಸ್ಕಾಟ್ ಫ್ರಾಸ್ಟ್ ಕೆಲಸ ಹೋಯಿತು. ಕೊನೆಗೆ 4-8, ಅಂದರೆ 4 ಗೆಲುವು, 8 ಸೋಲು. ಎಲ್ಲಿ ಎಡವಿದೆ ಎಂದು ನಾನು ಹಳೆಯ ಸ್ಕೋರುಗಳನ್ನು ಮತ್ತೆ ತೆಗೆದು ನೋಡಿದೆ. ಗೆದ್ದ ಮೂರು ಪಂದ್ಯದ ಅಂತರ 45, 25, 49. 335ರಿಂದ 272 ಕಳೆದರೆ ಬರುವ +63ರ ಗುಟ್ಟು ಅಲ್ಲಿತ್ತು. ಉಳಿದ ಒಂಬತ್ತರಲ್ಲಿ ಒಟ್ಟು ಮೈನಸ್ 56.

ಅದಕ್ಕೇ ಈಗ ನಾನು ಒಂದು ಪಂದ್ಯದ ಅಂತರಕ್ಕೆ 28ರ ಮಿತಿ ಹಾಕುತ್ತೇನೆ. 49 ಪಾಯಿಂಟ್‌ನಿಂದ ಗೆದ್ದರೂ 28 ಎಂದೇ ಬರೆಯುವುದು. ಹಾಗೆ ಮಾಡಿದರೆ ನೆಬ್ರಾಸ್ಕದ +63 ಇಳಿದು +25 ಆಗುತ್ತದೆ. 12 ಪಂದ್ಯಕ್ಕೆ ಹಂಚಿದರೆ ಪಂದ್ಯಕ್ಕೆ ಎರಡು ಪಾಯಿಂಟ್ ಮಾತ್ರ. 3-9 ಹೇಳುವಷ್ಟು ಕೆಟ್ಟ ತಂಡವೂ ಅಲ್ಲ, ಸೂತ್ರ ಹೇಳುವಷ್ಟು ಒಳ್ಳೆಯದೂ ಅಲ್ಲ.

ಇದೇ ಲೆಕ್ಕವನ್ನು ತಿರುಗಿಸಿಯೂ ನೋಡಬೇಕು. 2022ರ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ಹನ್ನೆರಡಕ್ಕೆ ಹನ್ನೆರಡೂ ಗೆದ್ದಿತು. ಅದರಲ್ಲಿ ಐದು ಗೆಲುವು 8 ಪಾಯಿಂಟ್ ಒಳಗಿನವು. ಬೇಲರ್ ಎದುರು 29-28, ಅದೂ ಸಮಯ ಮುಗಿಯುವ ಗಳಿಗೆಯಲ್ಲಿ ಒದ್ದ ಫೀಲ್ಡ್ ಗೋಲ್‌ನಿಂದ. ಫೈನಲ್‌ನಲ್ಲಿ ಜಾರ್ಜಿಯಾ ಅವರನ್ನು 65-7ರಲ್ಲಿ ಸೋಲಿಸಿತು. ಮುಂದಿನ ವರ್ಷ ಟಿಸಿಯು 5-7. ಕೂದಲೆಳೆಯ ಪಂದ್ಯಗಳನ್ನು ಗೆಲ್ಲುವುದು ಒಂದು ತಂಡದ ಗುಣ ಎಂದು ಅಭಿಮಾನಿಗಳು ಹೇಳುತ್ತಾರೆ. ಹೆಚ್ಚಿನ ಪಾಲು ಅದು ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. 8 ಪಾಯಿಂಟ್ ಒಳಗಿನ ಪಂದ್ಯಗಳನ್ನು ಎಣಿಸಿ, ಅರ್ಧ ಗೆಲುವು ಅರ್ಧ ಸೋಲು ಎಂದು ಬರೆದು ನೋಡಿ. ಇದಕ್ಕೂ ನಿಜವಾದ ಗೆಲುವಿನ ಸಂಖ್ಯೆಗೂ ದೊಡ್ಡ ಅಂತರ ಇದ್ದರೆ ಅಲ್ಲಿ ಎಚ್ಚರ ಬೇಕು.

ಚೆಂಡು ಕಳೆದುಕೊಳ್ಳುವ ಲೆಕ್ಕವೂ ಇದೇ ಜಾತಿಯದು. ಕೈಜಾರಿ ಬಿದ್ದ ಚೆಂಡು ಯಾರ ಕೈ ಸೇರುತ್ತದೆ ಎಂಬುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಒಂದು ತಂಡ ಅಂಥ ಚೆಂಡುಗಳಲ್ಲಿ ಮುಕ್ಕಾಲು ಪಾಲು ಹಿಡಿದಿದ್ದರೆ, ಮುಂದಿನ ವರ್ಷ ಅಷ್ಟು ಸಿಗುತ್ತದೆ ಎಂದು ನಂಬಬೇಡಿ.

ಇನ್ನೂ ಆಳಕ್ಕೆ ಇಳಿಯುವವರು ಪ್ರತಿ ಡೌನ್ ನೋಡಬಹುದು. ಬಿಲ್ ಕಾನೆಲಿ ಎಂಬ ವಿಶ್ಲೇಷಕರ ಅಳತೆ ಸುಲಭವಾಗಿದೆ. ಮೊದಲ ಡೌನ್‌ನಲ್ಲಿ ಬೇಕಾದ ಗಜಗಳಲ್ಲಿ ಅರ್ಧ, ಎರಡನೆಯದರಲ್ಲಿ ನೂರಕ್ಕೆ 70, ಮೂರು ಮತ್ತು ನಾಲ್ಕರಲ್ಲಿ ಪೂರ್ತಿ ಬಂದರೆ ಆ ಆಟ ಸಫಲ. ಎಷ್ಟು ಆಟ ಸಫಲವಾಯಿತು ಎಂಬ ಪಾಲು ಒಂದು ವರ್ಷದಿಂದ ಇನ್ನೊಂದಕ್ಕೆ ಗೆಲುವಿಗಿಂತ ಸ್ಥಿರವಾಗಿ ಉಳಿಯುತ್ತದೆ. ಇದಕ್ಕೆ ಬೇಕಾದ ಅಂಕಿಗಳು ಕಾಲೇಜ್ ಫುಟ್‌ಬಾಲ್ ಡೇಟಾ ಎಂಬ ತಾಣದಲ್ಲಿ ಸಿಗುತ್ತವೆ.

ಹೆಜ್ಜೆ 2: ಅದನ್ನು ಒಂದೇ ಸಂಖ್ಯೆ ಮಾಡಿ

ಸರಾಸರಿ ತಂಡಕ್ಕೆ 0 ಕೊಡಿ. ನಿಮ್ಮ ತಂಡ ಅದಕ್ಕಿಂತ ಎಷ್ಟು ಪಾಯಿಂಟ್ ಮೇಲೆ ಅಥವಾ ಕೆಳಗೆ? ಅದೇ ಅದರ ಅಂಕ. ಪಂದ್ಯದ ಸರಾಸರಿ ಅಂತರಕ್ಕೆ ಎದುರಾಳಿಗಳ ಸರಾಸರಿ ಅಂಕ ಕೂಡಿಸಿ. ಎದುರಾಳಿಗಳ ಅಂಕವನ್ನೂ ಹೀಗೇ ತೆಗೆಯಬೇಕು. ಎಲ್ಲ ತಂಡಗಳಿಗೂ ಮಾಡಿ, ಸಂಖ್ಯೆಗಳು ಬದಲಾಗುವುದು ನಿಲ್ಲುವವರೆಗೆ ಮತ್ತೆ ಮತ್ತೆ ಮಾಡಿದರೆ ಸರಿಯಾದ ಬೆಲೆಗೆ ಬಂದು ಕೂರುತ್ತದೆ. ಎಕ್ಸೆಲ್ ಇದನ್ನು ಕ್ಷಣದಲ್ಲಿ ಮಾಡುತ್ತದೆ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಕಾನೆಲಿಯವರ ಎಸ್‌ಪಿ ಪ್ಲಸ್ ಅಂಕವನ್ನೇ ತೆಗೆದುಕೊಳ್ಳಿ.

ಒಂದೇ ವರ್ಷ ನಂಬಬೇಡಿ. ನಾನು ಹೋದ ವರ್ಷಕ್ಕೆ ನೂರಕ್ಕೆ 60, ಅದರ ಹಿಂದಿನದಕ್ಕೆ 25, ಅದಕ್ಕೂ ಹಿಂದಿನದಕ್ಕೆ 15ರ ತೂಕ ಕೊಡುತ್ತೇನೆ. ಒಂದು ತಂಡದ ಅಂಕ ಹೋದ ವರ್ಷ 12, ಅದರ ಹಿಂದೆ 6, ಅದಕ್ಕೂ ಹಿಂದೆ 4 ಇತ್ತು ಅನ್ನಿ. ಆಗ 7.2, 1.5, 0.6 ಕೂಡಿಸಿದರೆ 9.3. ಈ ತೂಕಗಳು ನನ್ನ ರೂಢಿ, ನೀವು ಬದಲಿಸಿಕೊಳ್ಳಬಹುದು. ಒಮ್ಮೆ ಹಿಡಿದ ತೂಕವನ್ನು ಎಲ್ಲ ತಂಡಕ್ಕೂ ಒಂದೇ ರೀತಿ ಹಾಕಿ. ನಮ್ಮ ತಂಡಕ್ಕೊಂದು, ಪಕ್ಕದ ರಾಜ್ಯದ ತಂಡಕ್ಕೊಂದು ಅಂದರೆ ಲೆಕ್ಕವೇ ಕೆಟ್ಟುಹೋಗುತ್ತದೆ.

ಹೆಜ್ಜೆ 3: ಯಾರು ಹೋದರು, ಯಾರು ಬಂದರು

ಕಾಲೇಜ್ ಫುಟ್‌ಬಾಲ್ ಪೂರ್ತಿ ಬದಲಾದದ್ದು ಇಲ್ಲಿ. ಮೊದಲೆಲ್ಲ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಅಂದರೆ ಕಾಲೇಜು ಬದಲಿಸಬೇಕೆನ್ನುವ ಆಟಗಾರರ ಹೆಸರು ದಾಖಲಾಗುವ ಪಟ್ಟಿ. 2021ರಲ್ಲಿ ಮೊದಲ ಸಲ ಹೋಗುವವನು ಕೂಡಲೇ ಆಡಬಹುದು ಎಂದಾಯಿತು. 2024ರಲ್ಲಿ ಎಷ್ಟು ಸಲ ಹೋದರೂ ಆಡಬಹುದು ಎಂದಾಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಸಂಪಾದಿಸಬಹುದು, 2025ರ ಜುಲೈನಿಂದ ಕಾಲೇಜೇ ನೇರವಾಗಿ ಹಣ ಕೊಡಬಹುದು. ಹಾಗಾಗಿ ಈಗ ತಂಡ ಎಂಬುದು ಜರ್ಸಿಯ ಹೆಸರು ಮಾತ್ರ. ಒಳಗಿರುವ ಹುಡುಗರು ವರ್ಷ ವರ್ಷಕ್ಕೂ ಬದಲಾಗುತ್ತಾರೆ.

ಫ್ಲೋರಿಡಾ ಸ್ಟೇಟ್ ಕತೆ ಇದನ್ನು ಮನಸ್ಸಿಗೆ ನಾಟಿಸುತ್ತದೆ. 2023ರಲ್ಲಿ 13-0. ಆಮೇಲೆ ಬೌಲ್ ಪಂದ್ಯದಲ್ಲಿ ಜಾರ್ಜಿಯಾ ಎದುರು 63-3ರ ಸೋಲು. ಕ್ವಾರ್ಟರ್‌ಬ್ಯಾಕ್ (ಆಟ ನಡೆಸುವ, ಚೆಂಡು ಎಸೆಯುವ ಆಟಗಾರ) ಜೋರ್ಡನ್ ಟ್ರಾವಿಸ್ ಸೇರಿ ಹತ್ತು ಆಟಗಾರರು ವೃತ್ತಿಪರ ಲೀಗ್‌ಗೆ ಆಯ್ಕೆಯಾಗಿ ಹೊರಟರು. ಆದರೂ 2024ರ ಆಗಸ್ಟ್‌ನ ಪಟ್ಟಿಯಲ್ಲಿ ತಂಡಕ್ಕೆ 10ನೇ ಸ್ಥಾನ. ಸೀಸನ್ ಮುಗಿದಾಗ 2-10.

ಈಗ ನಿಮ್ಮ ತಂಡದ ಪಟ್ಟಿ ಮಾಡಿ. ಹೋದ ವರ್ಷ ಎಸೆದ ಗಜಗಳಲ್ಲಿ, ಓಡಿದ ಗಜಗಳಲ್ಲಿ, ಹಿಡಿದ ಚೆಂಡುಗಳಲ್ಲಿ, ಎದುರಾಳಿಯನ್ನು ಕೆಡವಿದ ಟ್ಯಾಕಲ್‌ಗಳಲ್ಲಿ ಎಷ್ಟು ಪಾಲು ಈ ವರ್ಷ ಇರುವವರದ್ದು? ಹೊಸದಾಗಿ ಬಂದವರು ಹಿಂದಿನ ಕಾಲೇಜಿನಲ್ಲಿ ಮಾಡಿದ್ದನ್ನೂ ಸೇರಿಸಿ. ಇಲ್ಲದಿದ್ದರೆ ಇಂಡಿಯಾನಾದಂಥ ತಂಡ ಕಣ್ತಪ್ಪುತ್ತದೆ. 2024ರ ಅವರ ಕ್ವಾರ್ಟರ್‌ಬ್ಯಾಕ್ ಹೊರಟುಹೋಗಿದ್ದ. ಬರೀ ಉಳಿದವರನ್ನು ಎಣಿಸಿದರೆ ಅದು ದೊಡ್ಡ ನಷ್ಟ. ಆದರೆ ಆ ಜಾಗಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಫರ್ನಾಂಡೊ ಮೆಂಡೋಜಾ ಬಂದ. 2025ರಲ್ಲೇ ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದ.

ಎಲ್ಲ ಸ್ಥಾನಕ್ಕೂ ಒಂದೇ ತೂಕ ಅಲ್ಲ. ಕ್ವಾರ್ಟರ್‌ಬ್ಯಾಕ್ ಎಲ್ಲರಿಗಿಂತ ಮುಖ್ಯ. ಒಳ್ಳೆಯವನು ಹೋಗಿ ಅನುಭವವೇ ಇಲ್ಲದವನು ಬಂದರೆ ನಾನು 3 ಪಾಯಿಂಟ್ ಕಳೆಯುತ್ತೇನೆ. ಅವನನ್ನು ಕಾಯುವ ಐದು ಜನರ ಸಾಲು, ಅಂದರೆ ಅಫೆನ್ಸಿವ್ ಲೈನ್, ಟಿವಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಐವರಲ್ಲಿ ನಾಲ್ವರು ಉಳಿದಿದ್ದರೆ ನಾನು ಖುಷಿಯಿಂದ 1 ಅಥವಾ ಒಂದೂವರೆ ಕೂಡಿಸುತ್ತೇನೆ. ಒಟ್ಟು ಏರಿಳಿತ 7 ಪಾಯಿಂಟ್ ದಾಟಬಾರದು ಎಂಬ ಗೆರೆ ಹಾಕಿಕೊಂಡಿದ್ದೇನೆ. ಫ್ಲೋರಿಡಾ ಸ್ಟೇಟ್‌ನಂಥ ಕುಸಿತವನ್ನು ಈ ಗೆರೆ ಪೂರ್ತಿ ಹಿಡಿಯುವುದಿಲ್ಲ, ನಿಜ. ಆದರೆ ಗೆರೆ ಇಲ್ಲದಿದ್ದರೆ ಹತ್ತು ತಂಡಗಳ ಅಂಕವನ್ನು ಸುಮ್ನೆ ತಿದ್ದಿಬಿಡುವ ಆಸೆ ಬರುತ್ತದೆ.

ಉಳಿದವರು ಜಾಸ್ತಿ ಅಂದಮಾತ್ರಕ್ಕೆ ಗೆಲುವು ಜಾಸ್ತಿ ಎಂದೂ ಅಲ್ಲ. 2025ರ ಕ್ಲೆಮ್ಸನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಕೇಡ್ ಕ್ಲಬ್ನಿಕ್ ಸೇರಿ ಹಳಬರೇ ತುಂಬಿದ್ದರು. ಆದದ್ದು ಏನೆಂದು ಮೊದಲೇ ಹೇಳಿದೆ. ಅನುಭವ ಇರುವುದು ಒಳ್ಳೆಯದು, ಆದರೆ ಯಾವ ಮಟ್ಟದ ಅನುಭವ ಎಂದು ಕೇಳಿಕೊಳ್ಳಬೇಕು.

ಹೆಜ್ಜೆ 4: ಪ್ರತಿಭೆ ಮತ್ತು ಕೋಚ್

ಹೈಸ್ಕೂಲ್ ಮುಗಿಸಿ ಬರುವ ಹುಡುಗರಿಗೆ 5ರವರೆಗೆ ಸ್ಟಾರ್ ಕೊಡುವ ಪದ್ಧತಿ ಇಲ್ಲಿದೆ. ತಂಡಕ್ಕೆ ಸೇರಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 4 ಅಥವಾ 5 ಸ್ಟಾರ್‌ನವರಾಗಿದ್ದರೆ ಮಾತ್ರ ಚಾಂಪಿಯನ್ ಆಗಬಹುದು ಎಂದು ಬಡ್ ಎಲಿಯಟ್ ಎಂಬ ವಿಶ್ಲೇಷಕರು ತೋರಿಸಿದ್ದರು. ಇಂಡಿಯಾನಾ ಅದನ್ನು ಮುರಿಯಿತು. ಆದರೂ ಆ ಅಳತೆಯನ್ನು ನಾನು ಬಿಟ್ಟಿಲ್ಲ. ಪ್ರತಿಭೆ ತುಂಬಿದ ತಂಡ ಒಂದು ಕೆಟ್ಟ ವರ್ಷ ಕಂಡರೆ ಬೇಗ ಎದ್ದುನಿಲ್ಲುತ್ತದೆ. ಹಾಗಾಗಿ ನಾಲ್ಕು ವರ್ಷದ ಸೇರ್ಪಡೆಯ ಸರಾಸರಿ ನೋಡಿ, ಅಂಕವನ್ನು ಅದರ ಕಡೆಗೆ ಒಂದೆರಡು ಪಾಯಿಂಟ್ ಜರುಗಿಸಿ.

ಹೊಸ ಕೋಚ್ ಬಂದರೆ ಅವನ ಹೆಸರನ್ನಲ್ಲ, ಹಿಂದಿನ ಜಾಗದಲ್ಲಿ ಏನು ಮಾಡಿದ ಎಂಬುದನ್ನು ನೋಡಿ. ಕರ್ಟ್ ಸಿಗ್ನೆಟಿ ಇಂಡಿಯಾನಾಕ್ಕೆ ಬಂದಾಗ ಆ ತಂಡ 2023ರಲ್ಲಿ 3-9 ಮಾಡಿತ್ತು. ಅದೇ ವರ್ಷ ಸಿಗ್ನೆಟಿಯ ಜೇಮ್ಸ್ ಮ್ಯಾಡಿಸನ್ ತಂಡ 11-1 ಮಾಡಿತ್ತು. ಅಲ್ಲಿಂದ ಒಂದು ಡಜನ್‌ನಷ್ಟು ಆಟಗಾರರನ್ನೂ ಕರೆತಂದ. ಮಾಹಿತಿ ಎಲ್ಲರ ಕಣ್ಣೆದುರೇ ಇತ್ತು. 2024ರಲ್ಲಿ ಇಂಡಿಯಾನಾ 11-2.

ಹೆಜ್ಜೆ 5: ಪಂದ್ಯ ಪಂದ್ಯವಾಗಿ ಲೆಕ್ಕ

ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲಿದೆ. ವೇಳಾಪಟ್ಟಿ ಹಿಡಿದು ಗೆಲುವು, ಗೆಲುವು, ಸೋಲು ಎಂದು ಗುರುತು ಹಾಕುವುದು. ಹಾಗೆ ಮಾಡಬೇಡಿ. ಪ್ರತಿ ಪಂದ್ಯಕ್ಕೂ ಗೆಲ್ಲುವ ಸಾಧ್ಯತೆ ಬರೆಯಿರಿ.

ನಿಮ್ಮ ಅಂಕದಿಂದ ಎದುರಾಳಿಯ ಅಂಕ ಕಳೆಯಿರಿ. ತವರಿನಲ್ಲಿ ಆಡಿದರೆ ಎರಡೂವರೆ ಪಾಯಿಂಟ್ ಕೂಡಿಸಿ, ಹೊರಗೆ ಆಡಿದರೆ ಅಷ್ಟೇ ಕಳೆಯಿರಿ. ನಾನು ಬಳಸುವ ಲೆಕ್ಕದಲ್ಲಿ ಅಂತರ 0 ಇದ್ದರೆ ಸಾಧ್ಯತೆ ನೂರಕ್ಕೆ 50. ಅಂತರ 3 ಇದ್ದರೆ 57. 7ಕ್ಕೆ 67, 14ಕ್ಕೆ 81, 21ಕ್ಕೆ 90, 28ಕ್ಕೆ 96. ನೀವು ಹಿಂದಿದ್ದರೆ ನೂರರಿಂದ ಕಳೆದುಕೊಳ್ಳಿ.

ಒಂದು ಕಲ್ಪನೆಯ ತಂಡದ 12 ಪಂದ್ಯಗಳ ಸಾಧ್ಯತೆ ಹೀಗಿದೆ ಅಂದುಕೊಳ್ಳಿ: 96, 90, 81, 81, 67, 67, 57, 57, 50, 43, 33, 19. ಗುರುತು ಹಾಕುವವರು ಎಂಟು ಗೆಲುವು ಖಚಿತ, ಅದೃಷ್ಟ ಇದ್ದರೆ ಒಂಬತ್ತು ಎನ್ನುತ್ತಾರೆ. ಎಲ್ಲವನ್ನೂ ಕೂಡಿಸಿ ನೂರರಿಂದ ಭಾಗಿಸಿ: 7.4. ಒಂದೂವರೆ ಗೆಲುವಿನವರೆಗೂ ವ್ಯತ್ಯಾಸ! ನೂರಕ್ಕೆ 57ರ ಪಂದ್ಯವನ್ನು ಗೆಲುವು ಎಂದು ಬರೆದಾಗ 43ರ ಸೋಲಿನ ಭಾಗವನ್ನು ನೀವು ಅಳಿಸಿಹಾಕಿರುತ್ತೀರಿ. ಒಳ್ಳೆಯ ತಂಡಗಳ ಬಗ್ಗೆ ಅಭಿಮಾನಿಗಳ ನಿರೀಕ್ಷೆ ಪ್ರತಿ ವರ್ಷ ಮೇಲೇ ಇರುವುದಕ್ಕೆ ಇದೂ ಒಂದು ಕಾರಣ.

ಇದೇ ತಂಡ ಐದು ಸೀಸನ್ ಆಡಿದರೆ ಸುಮಾರು ನಾಲ್ಕರಲ್ಲಿ 6ರಿಂದ 9 ಗೆಲುವು ಪಡೆಯುತ್ತದೆ. ನಿಮ್ಮ ಅಂಕವೇ ತಪ್ಪಿರಬಹುದು ಎಂಬುದನ್ನೂ ಸೇರಿಸಿದರೆ 5ರಿಂದ 10 ಎನ್ನುವುದೇ ಪ್ರಾಮಾಣಿಕ ಉತ್ತರ. ಯಾರಾದರೂ ಕೇಳಿದರೆ 7.4 ಎಂದು ಹೇಳಿ, ಈ ಅಗಲವನ್ನೂ ಹೇಳಿ.

ವೇಳಾಪಟ್ಟಿಯಲ್ಲಿ ಇನ್ನೆರಡು ವಿಷಯ ಇಣುಕಿ ನೋಡಿ: ಗಟ್ಟಿ ಎದುರಾಳಿಗಳು ತವರಿಗೆ ಬರುತ್ತಾರಾ, ಮತ್ತು ಬಿಡುವಿನ ವಾರ ಯಾವಾಗ ಬರುತ್ತದೆ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಈಗ ನ್ಯೂಜೆರ್ಸಿಯ ರಟ್ಗರ್ಸ್ ಇರುವ ಕಾನ್ಫರೆನ್ಸ್‌ನಲ್ಲೇ (ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುವ ತಂಡಗಳ ಗುಂಪು) ಆಡುತ್ತದೆ. ದೇಶದ ಈ ತುದಿಯಿಂದ ಆ ತುದಿಗೆ ಹೋಗಿ ಆಡುವಾಗ ನಾನು ಇನ್ನೊಂದು ಪಾಯಿಂಟ್ ಕಳೆಯುತ್ತೇನೆ.

ಹೆಜ್ಜೆ 6: ಬೇರೆಯವರ ಅಂದಾಜಿನ ಪಕ್ಕ ಇಟ್ಟು ನೋಡಿ

ನಿಮ್ಮ ಸಂಖ್ಯೆ ಸಿದ್ಧವಾದ ಮೇಲೆ ಮಾತ್ರ ಇತರರದ್ದನ್ನು ನೋಡಿ. ಮೊದಲೇ ನೋಡಿದರೆ ಮನಸ್ಸು ಅದಕ್ಕೇ ವಾಲುತ್ತದೆ. ಎಸ್‌ಪಿ ಪ್ಲಸ್, ಕ್ರೀಡಾ ವಾಹಿನಿ ಇಎಸ್‌ಪಿಎನ್‌ನ ಎಫ್‌ಪಿಐ ಎಂಬ ಅಂಕ, ಬೆಟ್ಟಿಂಗ್ ಕಂಪನಿಗಳು ಹೊರಡಿಸುವ ಗೆಲುವಿನ ಅಂದಾಜು, ಇವು ಮೂರು ಸಾಕು. ಬೆಟ್ಟಿಂಗ್‌ಗೆ ನಾನು ದುಡ್ಡು ಹಾಕುವುದಿಲ್ಲ, ನೀವೂ ಹಾಕಬೇಡಿ. ಆ ಸಂಖ್ಯೆಯ ಹಿಂದೆ ತುಂಬಾ ಜನರ ತಿಳಿವಳಿಕೆ ಇರುತ್ತದೆ ಎಂಬ ಕಾರಣಕ್ಕೆ ನೋಡುವುದು. ನಿಮ್ಮದಕ್ಕೂ ಅದಕ್ಕೂ ಒಂದೂವರೆ ಗೆಲುವಿಗಿಂತ ಜಾಸ್ತಿ ಅಂತರ ಇದ್ದರೆ ಹೆಜ್ಜೆ 3ಕ್ಕೆ ವಾಪಸ್ ಹೋಗಿ. ಯಾರೋ ಗಾಯಗೊಂಡದ್ದು, ಯಾರೋ ತಂಡ ಬಿಟ್ಟದ್ದು ನಿಮಗೆ ತಪ್ಪಿಹೋಗಿರಬಹುದು. ಹುಡುಕಿದರೂ ಕಾರಣ ಸಿಗಲಿಲ್ಲ ಅಂದರೆ ನಿಮ್ಮ ಸಂಖ್ಯೆಯನ್ನು ಧೈರ್ಯವಾಗಿ ಇಟ್ಟುಕೊಳ್ಳಿ. 2024ರಲ್ಲಿ ಬಿಗ್ 12 ಕಾನ್ಫರೆನ್ಸ್‌ನ 16 ತಂಡಗಳಲ್ಲಿ ಅರಿಜೋನಾ ಸ್ಟೇಟ್ ಕೊನೆಗೆ ಬರುತ್ತದೆ ಎಂದು ಎಣಿಸಿದ್ದರು. ಅವರೇ ಕಾನ್ಫರೆನ್ಸ್ ಗೆದ್ದರು.

ಹೆಜ್ಜೆ 7: ಬರೆದಿಡಿ, ಆಮೇಲೆ ಅಳೆಯಿರಿ

2026ರಿಂದ ಪೋರ್ಟಲ್ ತೆರೆಯುವುದು ಜನವರಿ 2ರಿಂದ 16ರವರೆಗೆ. ಹಾಗಾಗಿ ಫೆಬ್ರವರಿಯಲ್ಲಿ ಮೊದಲ ಲೆಕ್ಕ ಮಾಡಬಹುದು. ಆಗಸ್ಟ್‌ನಲ್ಲಿ ಅಭ್ಯಾಸದ ಸುದ್ದಿ ಬಂದ ಮೇಲೆ ಇನ್ನೊಂದು. ಎರಡನ್ನೂ ದಿನಾಂಕ ಹಾಕಿ ಇಡಿ, ತಿದ್ದಬೇಡಿ.

ಡಿಸೆಂಬರ್‌ನಲ್ಲಿ ಪ್ರತಿ ತಂಡಕ್ಕೂ ನಿಮ್ಮ ಅಂದಾಜಿಗೂ ನಿಜವಾದ ಗೆಲುವಿಗೂ ಇರುವ ಅಂತರ ಬರೆದು, ಸರಾಸರಿ ತೆಗೆಯಿರಿ. ಅದರ ಪಕ್ಕದಲ್ಲೇ ಇನ್ನೊಂದು ಸರಾಸರಿ ಬೇಕು: ಎಲ್ಲ ತಂಡಗಳೂ ಹೋದ ವರ್ಷದಷ್ಟೇ ಗೆಲ್ಲುತ್ತವೆ ಎಂದಿದ್ದರೆ ಎಷ್ಟು ತಪ್ಪಾಗುತ್ತಿತ್ತು ಎಂದು. ನಿಮ್ಮ ತಪ್ಪು ಅದಕ್ಕಿಂತ ಕಡಿಮೆ ಇದ್ದರೆ ಲೆಕ್ಕ ಕೆಲಸ ಮಾಡುತ್ತಿದೆ. ಇಲ್ಲದಿದ್ದರೆ ಹೆಜ್ಜೆ 3ರಲ್ಲಿ ನೀವು ಮಾಡಿದ ಏರಿಳಿತಗಳನ್ನು ತೆಗೆದು ಮತ್ತೊಮ್ಮೆ ಎಣಿಸಿ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ, ಅದರಲ್ಲೂ ನಾನು ಪ್ರೀತಿಸುವ ತಂಡದ ಸಾಲಿನಲ್ಲಿ.